ಮ್ಯಾಡ್ರಿಡ್‌ನ ರೆಯಾಲ್ ಫಾಬ್ರಿಕಾ: ಮಗ್ಗ ಇಷ್ಟಪಡುವವರು ಖಂಡಿತ ನೋಡಿ

ಮ್ಯಾಡ್ರಿಡ್‌ಗೆ ಹೋದವರೆಲ್ಲ ಅರಮನೆ ನೋಡುತ್ತಾರೆ, ಪ್ರಾದೊ ಮ್ಯೂಸಿಯಂ ನೋಡುತ್ತಾರೆ. ಮಗ್ಗ, ನೂಲು ಅಂದರೆ ಆಸೆ ಇರುವವರು ರೆಯಾಲ್ ಫಾಬ್ರಿಕಾ ದೆ ತಪೀಥೆಸ್‌ಗೂ ಅರ್ಧ ದಿನ ಇಟ್ಟುಕೊಳ್ಳಿ. ಗೋಡೆಗೆ ತೂಗುಹಾಕುವ ಚಿತ್ರದ ನೇಯ್ಗೆ (ಸ್ಪ್ಯಾನಿಷ್‌ನಲ್ಲಿ 'ತಪೀಥ್') ಮತ್ತು ಜಮಖಾನೆ ಮಾಡುವ ಕಾರ್ಖಾನೆ ಇದು. ಅತೋಚ ರೈಲು ನಿಲ್ದಾಣದಿಂದ ದೂರವಿಲ್ಲ. ಮೆಟ್ರೊದಲ್ಲಾದರೆ ಮೆನೆಂದೆಥ್ ಪೆಲಾಯೊದಲ್ಲಿ ಇಳಿಯಿರಿ.

ಇದನ್ನು ಶುರು ಮಾಡಿಸಿದ್ದು ರಾಜ 5ನೇ ಫಿಲಿಪ್, 1721ರಲ್ಲಿ. ಅಲ್ಲಿಯವರೆಗೆ ಇಂಥ ನೇಯ್ಗೆ ಫ್ಲಾಂಡರ್ಸ್‌ನಿಂದ, ಅಂದರೆ ಈಗಿನ ಬೆಲ್ಜಿಯಂ ಕಡೆಯಿಂದ ಬರುತ್ತಿತ್ತು. ಸ್ಪೇನ್‌ನ ಸಿಂಹಾಸನಕ್ಕಾಗಿ ನಡೆದ ಯುದ್ಧ ಮುಗಿಯುವ ಹೊತ್ತಿಗೆ ಆ ಸೀಮೆ ಸ್ಪೇನ್‌ನ ಕೈತಪ್ಪಿತ್ತು. ಹಾಗಾಗಿ ಆಂಟ್‌ವರ್ಪ್‌ನಿಂದ ವಾಂಡರ್‌ಗೊಟೆನ್ ಎಂಬ ನೇಕಾರರ ಮನೆತನವನ್ನೇ ಕರೆಸಿದರು. ಈಗಿನ ಕಟ್ಟಡ ಮಾತ್ರ 19ನೇ ಶತಮಾನದ ಕೊನೆಯದು.

ಒಳಗೆ ಹೋದರೆ ಗೈಡ್ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು 'ಆಲ್ತೊ ಲೀಥೊ'. ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳು; ಅವನ್ನು ಹಿಡಿದು ಬೇರೆ ಮಾಡುವ ದಾರದ ಕುಣಿಕೆಗೆ ಲೀಥೊ ಅನ್ನುತ್ತಾರೆ. ಆಲ್ತೊ ಅಂದರೆ ಎತ್ತರದ್ದು. ಕುಣಿಕೆಗಳು ನೇಕಾರರ ತಲೆಯ ಮೇಲಿರುತ್ತವೆ, ಹಾಸು ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಇನ್ನೊಂದು ಬಗೆ 'ಬಾಹೊ ಲೀಥೊ': ಹಾಸು ಮಲಗಿರುತ್ತದೆ, ಕುಣಿಕೆಗಳನ್ನು ಕಾಲಿನಿಂದ ಆಡಿಸುತ್ತಾರೆ. ನಾನು ಇಳಕಲ್ ಕಡೆಯವಳು. ನಮ್ಮ ಕುಣಿ ಮಗ್ಗವೂ ಕಾಲಿನದೇ ಅಲ್ವಾ? ಹಾಗಾಗಿ ಇದು ಥಟ್ಟನೆ ಅರ್ಥವಾಯಿತು. ಆದರೆ ನಿಂತ ಹಾಸಿನ ಮುಂದೆ ನನ್ನ ಕಣ್ಣು ಕೀಳಲಾಗಲಿಲ್ಲ.

ನೇಯುವವರು ಕೂರುವುದು ಚಿತ್ರದ ಹಿಂದೆ. ಗೆರೆಗಳನ್ನು ಮೊದಲೇ ಹಾಸಿನ ಮೇಲೆ ಬರೆದುಕೊಂಡಿರುತ್ತಾರೆ. ಒಂದು ಕೈ ಮೇಲಿನ ಕುಣಿಕೆಗಳನ್ನು ಎಳೆಯುತ್ತದೆ, ಇನ್ನೊಂದು ಕೈ ಬಣ್ಣದ ಉಣ್ಣೆ ಸುತ್ತಿದ ಮರದ ಕಡ್ಡಿಯನ್ನು ತೂರಿಸುತ್ತದೆ. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವುದೇ ಇಲ್ಲ. ಎಲೆಯ ಹಸಿರು ಎಲೆಯ ಅಂಚಿಗೇ ನಿಲ್ಲುತ್ತದೆ, ಅಲ್ಲಿಂದ ಬೇರೆ ಕಡ್ಡಿ, ಬೇರೆ ಬಣ್ಣ. ಚಿತ್ರದ ಮುಖ ಸರಿ ಬಂದಿದೆಯಾ ಅಂತ ಎದುರಿಗಿಟ್ಟ ಕನ್ನಡಿಯಲ್ಲಿ ನೋಡಿಕೊಳ್ಳುತ್ತಾರೆ. ಒಂದು ಚದರ ಮೀಟರ್‌ಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಬೆಲೆ ಕೇಳಿ ಹುಬ್ಬೇರಿಸುವವರು ಆ ಕೈಗಳನ್ನು ಸ್ವಲ್ಪ ಹೊತ್ತು ನೋಡಬೇಕು.

ಜಮಖಾನೆ ಕಟ್ಟುವ ಜಾಗ, ಹಳೆಯ ನೇಯ್ಗೆ ರಿಪೇರಿ ಮಾಡುವ ಜಾಗ ಕೂಡ ತೋರಿಸುತ್ತಾರೆ. ರಿಪೇರಿಯೂ ಚೆನ್ನಾಗಿದೆ, ಆದರೆ ನನ್ನ ಮನಸ್ಸು ಮಗ್ಗದ ಹತ್ತಿರವೇ ಇತ್ತು.

ಇದನ್ನು ನೋಡಿದ ಮೇಲೆ ಮ್ಯಾಡ್ರಿಡ್‌ನ ಅಂಗಡಿಗಳಲ್ಲಿ ಮೋಸ ಹೋಗುವುದು ಕಷ್ಟ. 'ತಪೀಥ್' ಅಂತ ಬರೆದು ಮಷೀನಿನ ಬಟ್ಟೆಯನ್ನೂ ಮಾರುತ್ತಾರೆ. ಒಂದು ಅಂಗಡಿಯವರು ನನಗೆ ಕೈಮಗ್ಗದ್ದೇ ಅಂತ ಗಟ್ಟಿಯಾಗಿ ಹೇಳಿದರು. ಸುಮ್ನೆ ಹಿಂದೆ ತಿರುಗಿಸಿ ನೋಡಿದೆ. ಎಳೆಗಳು ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಮ ಓಡಿದ್ದವು. ಕೈಯಲ್ಲಿ ನೇಯ್ದದ್ದಾದರೆ ಒಂದೊಂದು ಬಣ್ಣವೂ ತನ್ನ ಜಾಗದಲ್ಲೇ ತಿರುಗಿರುತ್ತದೆ, ಹಿಂದೆ ನೂಲಿನ ತುದಿಗಳು ಜಾಸ್ತಿ ಕಾಣುತ್ತವೆ.

ಹೋಗುವವರಿಗೆ ಎರಡು ಮಾತು. ಇದು ಈಗಲೂ ಕೆಲಸ ನಡೆಯುವ ಜಾಗ, ಗೈಡ್ ಜೊತೆಗೇ ಒಳಗೆ ಹೋಗಬೇಕು. ಹಾಗಾಗಿ ಮೊದಲೇ ಬುಕ್ ಮಾಡಿ, ವಾರದ ನಡುವೆಯೇ ಹೋಗಿ. ಪ್ರಾದೊ ಮ್ಯೂಸಿಯಂ ಅನ್ನು ಇದಾದ ಮೇಲೆ ಇಟ್ಟುಕೊಳ್ಳಿ. ಸ್ಪೇನ್‌ನ ಹೆಸರಾಂತ ಚಿತ್ರಕಾರ ಗೋಯಾ 1775ರಿಂದ 1792ರವರೆಗೆ ಈ ಕಾರ್ಖಾನೆಗಾಗಿ ಬರೆದ ಮಾದರಿ ಚಿತ್ರಗಳು ಹೆಚ್ಚಾಗಿ ಅಲ್ಲೇ ಇವೆ. ಅದರಲ್ಲಿ ಗಿಟಾರ್ ಹಿಡಿದ ಕುರುಡನ ಚಿತ್ರವನ್ನು ಹುಡುಕಿ. 1778ರದು. ಇದನ್ನು ನೇಯಲು ಆಗುವುದಿಲ್ಲ, ತಿದ್ದಿಕೊಡಿ ಅಂತ ಕಾರ್ಖಾನೆಯವರು ವಾಪಸ್ ಕಳಿಸಿದ್ದರು. ಗೋಯಾ ತಿದ್ದಿಯೂ ಕೊಟ್ಟರು.