ಸಕ್ಕರೆ ಅಚ್ಚು ಹಾಕಲು ಯಾವ ಅಚ್ಚು ಕೊಳ್ಳಬೇಕು: ಮರದ್ದೋ, ಸಿಲಿಕೋನ್ದೋ?

ಸಂಕ್ರಾಂತಿ ಹತ್ತಿರವಾದರೆ ಗಾಂಧಿ ಬಜಾರ್, ಮಲ್ಲೇಶ್ವರದ ಎಂಟನೇ ಕ್ರಾಸ್ ಎಲ್ಲೆಡೆ ಎಳ್ಳು-ಬೆಲ್ಲದ ಪಕ್ಕದಲ್ಲೇ ಸಿದ್ಧ ಸಕ್ಕರೆ ಅಚ್ಚು ಸಿಗುತ್ತದೆ. ಆದರೂ ಮನೆಯಲ್ಲಿ ಹಾಲು ಹಾಕಿ ಕಸ ತೆಗೆದ ಸಕ್ಕರೆಯ ಬಿಳುಪು ಬೇರೆಯೇ. ಇದಕ್ಕೆ ಓವನ್ ಬೇಡ, ತೂಕದ ಯಂತ್ರ ಬೇಡ. ಸಕ್ಕರೆ, ಸ್ವಲ್ಪ ಹಾಲು, ನಿಂಬೆರಸ ಸಾಕು. ಹೊಸದಾಗಿ ಕೊಳ್ಳಬೇಕಾದದ್ದು ಅಚ್ಚೊಂದೇ. ಉತ್ತರ ಕರ್ನಾಟಕದವರಿಗೆ ಅದು ವರ್ಷಕ್ಕೆ ಎರಡು ಸಲ ಕೆಲಸಕ್ಕೆ ಬರುತ್ತದೆ: ದೀಪಾವಳಿಯ ನಂತರದ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಆಗುವುದೂ ಇಂಥ ಅಚ್ಚಿನಲ್ಲೇ.

ಮೊದಲ ಸಲಕ್ಕೆ ನಮ್ಮ ಆಯ್ಕೆ ಎರಡು ಹೋಳಿನ ಮರದ ಅಚ್ಚು. ಎರಡು ಮರದ ತುಂಡುಗಳಲ್ಲಿ ಅರ್ಧರ್ಧ ಬೊಂಬೆ ಕೊರೆದಿರುತ್ತದೆ. ಜೋಡಿಸಿ ದಾರವನ್ನೋ ರಬ್ಬರ್ ಬ್ಯಾಂಡನ್ನೋ ಬಿಗಿದರೆ ಮೇಲ್ಗಡೆ ಪಾಕ ಹುಯ್ಯುವ ಬಾಯಿ ಉಳಿಯುತ್ತದೆ. ಆ ಬಾಯಿಯೇ ಆಮೇಲೆ ಬೊಂಬೆ ನಿಲ್ಲುವ ತಳ. ನಾಲ್ಕರಿಂದ ಆರು ಬೊಂಬೆ ಇರುವ ಅಚ್ಚು ಹೊಸಬರಿಗೆ ಸರಿ. ಹನ್ನೆರಡು ಬೊಂಬೆಯದು ಲಾಭದಂತೆ ಕಾಣುತ್ತದೆ, ಆದರೆ ಆರನೆಯದು ತುಂಬುವಷ್ಟರಲ್ಲಿ ಪಾತ್ರೆಯಲ್ಲಿ ಉಳಿದ ಪಾಕ ಕಲ್ಲಾಗಿರುತ್ತದೆ. ಮೂರು ಹೋಳಿನ ಅಚ್ಚಿನಲ್ಲಿ ಬೊಂಬೆ ತುಂಬಿಕೊಂಡು ಚೆನ್ನಾಗಿ ಬರುತ್ತದೆ ನಿಜ, ಬಿಡಿಸುವುದು ಕಷ್ಟ. ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಅಂಗಡಿಯಲ್ಲಿ ಎರಡೂ ಹೋಳು ಜೋಡಿಸಿ ಬೆಳಕಿಗೆ ಹಿಡಿದು ನೋಡಿ. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೆ ಪರವಾಗಿಲ್ಲ. ನೆನೆದ ಮರ ಉಬ್ಬಿ ಅದನ್ನು ಮುಚ್ಚುತ್ತದೆ, ಉಳಿದ ಸಂದಿಯಲ್ಲಿ ಪಾಕವೇ ಹೆಪ್ಪುಗಟ್ಟಿ ತಡೆಯುತ್ತದೆ. ಉಗುರು ತೂರುವಷ್ಟು ಸಂದಿ ಇದ್ದರೆ ಬೇಡ. ಆಮೇಲೆ ಕೊರೆದ ಗುಳಿಯೊಳಗೆ ಉಗುರು ಆಡಿಸಿ. ಸಿಬಿರು ಎದ್ದಿದ್ದರೆ ಸಕ್ಕರೆ ಅಲ್ಲೇ ಹಿಡಿದುಕೊಳ್ಳುತ್ತದೆ. ಪಾಲಿಶ್, ವಾರ್ನಿಶ್ ಹಚ್ಚಿದ್ದನ್ನು ಮುಟ್ಟಲೇಬೇಡಿ, ಕುದಿಯುವ ಪಾಕಕ್ಕೆ ಅದರ ವಾಸನೆ ಹತ್ತುತ್ತದೆ. ಆಕಾರದಲ್ಲೂ ವಿವೇಕ ಬೇಕು. ಗೋಪುರ, ತುಳಸಿ ಕಟ್ಟೆ, ಮೀನು, ಆನೆ ಸುಲಭವಾಗಿ ಬಿಡುತ್ತವೆ. ನವಿಲಿನ ಕತ್ತು, ಜಿಂಕೆಯ ಕಾಲು ಮುರಿಯುವುದೇ ಹೆಚ್ಚು. ಪೇಡ, ಮೋದಕಕ್ಕೆ ಮಾಡಿದ ಒಂದೇ ತುಂಡಿನ ಒತ್ತಚ್ಚುಗಳೂ ನೋಡಲು ಹೀಗೇ ಇರುತ್ತವೆ. ಅವು ಮೆತ್ತನೆಯ ಖೋವಾಗೆ ಮಾತ್ರ. ಗಟ್ಟಿ ಸಕ್ಕರೆ ಅವುಗಳ ಆಳದಲ್ಲಿ ಕಚ್ಚಿಕೊಂಡರೆ ಬಿಡಿಸಲು ದಾರಿಯಿಲ್ಲ.

ಸಿಲಿಕೋನ್ ಅಚ್ಚಿನ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ನೆನೆಸಬೇಕಿಲ್ಲ, ಹಿಂದಿನಿಂದ ಒತ್ತಿದರೆ ಬೊಂಬೆ ಹೊರಗೆ. ಕೊರತೆ ಎಂದರೆ ಅದಕ್ಕೆ ಒಂದೇ ಮುಖ. ಬೊಂಬೆಯ ಬೆನ್ನು ಚಪ್ಪಟೆ, ತಟ್ಟೆಯಲ್ಲಿ ನಿಲ್ಲುವುದಿಲ್ಲ, ಮಲಗುತ್ತದೆ. ಮರದಲ್ಲಿ ಐದರಿಂದ ಹತ್ತು ನಿಮಿಷಕ್ಕೆ ಗಟ್ಟಿಯಾಗುವುದು ಇದರಲ್ಲಿ ಹದಿನೈದು, ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ. ಚಿಕ್ಕ ಮಕ್ಕಳ ಜೊತೆ ಹತ್ತಾರು ಹೂವು, ಎಲೆ ಮಾಡಲು ಚೆನ್ನ, ಆರತಿ ತಟ್ಟೆಗೆ ಸಾಲದು. ಚಾಕೊಲೇಟಿಗೆಂದು ಮಾರುವ ತೆಳು ಪಾರದರ್ಶಕ ಪ್ಲಾಸ್ಟಿಕ್ ಅಚ್ಚು ಈ ಬಿಸಿಗೆ ಸೊಟ್ಟಗಾಗುತ್ತದೆ, ಅದು ಬೇಡ.

ಮರದ ಅಚ್ಚನ್ನು ಹಿಂದಿನ ರಾತ್ರಿಯೇ ತಣ್ಣೀರಿನಲ್ಲಿ ಪೂರ್ತಿ ಮುಳುಗಿಸಿಡಿ, ಕಡಿಮೆ ಎಂದರೆ ಆರು ಗಂಟೆ. ಒಣ ಮರ ಪಾಕವನ್ನು ಹೀರುತ್ತದೆ, ಸಕ್ಕರೆ ಅದರ ರಂಧ್ರಗಳಲ್ಲಿ ಬೇರು ಬಿಟ್ಟಂತೆ ಕೂರುತ್ತದೆ. ನೀರು ಕುಡಿದ ಮರದಲ್ಲಿ ಆ ಜಾಗವೇ ಇರುವುದಿಲ್ಲ. ಬಳಸುವ ಮುಂಚೆ ನೀರು ಕೊಡವಿ ಬಟ್ಟೆಯಿಂದ ಒತ್ತಿ ತೆಗೆಯಿರಿ. ಗುಳಿಯಲ್ಲಿ ಹನಿ ನಿಂತರೆ ಬೊಂಬೆಯ ಮುಖದಲ್ಲಿ ಕುಳಿ ಬೀಳುತ್ತದೆ. ತುಪ್ಪ, ಎಣ್ಣೆ ಸವರುವುದು ತಪ್ಪು: ಬಣ್ಣ ಹಳದಿಗೆ ತಿರುಗುತ್ತದೆ, ಮರದಲ್ಲಿ ಉಳಿದ ಜಿಡ್ಡು ಮುಂದಿನ ವರ್ಷಕ್ಕೆ ಕಮಟು ವಾಸನೆ ಕೊಡುತ್ತದೆ.

ಅಚ್ಚು ಸರಿಯಿಲ್ಲ ಎಂದು ಬೈಸಿಕೊಳ್ಳುವ ಅಚ್ಚುಗಳಲ್ಲಿ ಬಹುಪಾಲಿನ ತಪ್ಪು ಪಾಕದ್ದು. ಒಂದು ಕೆಜಿ ಸಕ್ಕರೆಗೆ ಸುಮಾರು 400 ಮಿಲಿ ನೀರು ಹಾಕಿ ಕರಗಿಸಿ. ಕುದಿ ಬಂದಾಗ ಮೂರು ಚಮಚ ಹಾಲಿಗೆ ಅಷ್ಟೇ ನೀರು ಬೆರೆಸಿ ಹುಯ್ಯಿರಿ. ಹಾಲು ಒಡೆದು ಕಸವನ್ನೆಲ್ಲ ಹಿಡಿದುಕೊಂಡು ಬೂದು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆಯಲ್ಲಿ ಸೋಸಿ. ಇಲ್ಲಿಗೆ ನಿಲ್ಲಿಸಿ, ಇನ್ನು ಮುಂದೆ ಒಂದೊಂದು ಸೌಟು ಮಾತ್ರ. ಮೂತಿಯಿರುವ ದಪ್ಪ ತಳದ ಚಿಕ್ಕ ಪಾತ್ರೆಗೆ ಒಂದು ಸೌಟು, ಅಂದರೆ ಸುಮಾರು 100 ಮಿಲಿ, ಹಾಕಿ ಮಧ್ಯಮ ಉರಿಯಲ್ಲಿ ಕುದಿಸಿ. ಬಣ್ಣ ಬೇಕಿದ್ದರೆ ಈಗಲೇ. ಎರಡು ಹನಿ ನಿಂಬೆರಸ ಸಾಕು. ಹುಳಿ ಸಕ್ಕರೆಯ ಒಂದು ಪಾಲನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದು ಹರಳುಗಟ್ಟುವುದನ್ನು ನಿಧಾನಿಸುತ್ತದೆ, ಹುಯ್ಯಲು ಸಮಯ ಸಿಗುತ್ತದೆ. ಚಮಚಗಟ್ಟಲೆ ಹಿಂಡಿದರೆ ಹರಳೇ ಕಟ್ಟದೆ ಅಂಟು ಅಂಟಾಗಿ ಉಳಿಯುತ್ತದೆ.

ಒಂದೆಳೆ ಪಾಕ ಬಂದು, ಅದನ್ನು ತುಸು ದಾಟುವಾಗ ಇಳಿಸಬೇಕು. ಥರ್ಮಾಮೀಟರ್ ಇದ್ದರೆ 112ರಿಂದ 115 ಡಿಗ್ರಿ. ಇಳಿಸಿದ ಕೂಡಲೇ ಚಮಚದಿಂದ ಬಿಡದೆ ತಿರುಗಿಸಿ. ತಿಳಿಯಾಗಿದ್ದ ಪಾಕ ಅರ್ಧ, ಒಂದು ನಿಮಿಷದಲ್ಲಿ ಮಬ್ಬಾಗಿ ಹಾಲಿನಂತೆ ಬೆಳ್ಳಗಾಗುತ್ತದೆ. ಅದೇ ಗಳಿಗೆ, ಫೋನ್ ರಿಂಗಾದರೂ ಬಿಟ್ಟು ಹುಯ್ಯಿರಿ. ಬೆಳ್ಳಗಾಗುವ ಮುಂಚೆ ಹುಯ್ದರೆ ಬೊಂಬೆ ಗಾಜಿನಂತಾಗಿ ಮರಕ್ಕೆ ಅಂಟುತ್ತದೆ, ತಡವಾದರೆ ಬಾಲ, ಸೊಂಡಿಲಿನ ತುದಿಗೆ ಪಾಕ ಇಳಿಯುವುದೇ ಇಲ್ಲ. ಪಾತ್ರೆಯಲ್ಲೇ ಗಟ್ಟಿಯಾದರೆ ಎರಡು ಚಮಚ ನೀರು ಹಾಕಿ ಕರಗಿಸಿ ಮತ್ತೆ ಕುದಿಸಿ. ಮುರಿದ ಬೊಂಬೆಗಳಿಗೂ ಇದೇ ಗತಿ, ಆದರೆ ಎರಡು ಸಲಕ್ಕಿಂತ ಹೆಚ್ಚು ಕಾಯಿಸಿದರೆ ಬಿಳುಪು ಕಂದುತ್ತದೆ. ಅಂಥದ್ದು ಪಾಯಸಕ್ಕೆ ಹೋಗಲಿ.

ಬಾಯಿಯ ಅಂಚಿನಲ್ಲಿ ಉಕ್ಕಿದ್ದನ್ನು ಚಾಕುವಿನಿಂದ ಸಮ ಮಾಡಿ, ಕಟ್ಟು ಬಿಚ್ಚಿ, ಹೋಳುಗಳನ್ನು ನೇರವಾಗಿ ಎಳೆಯಿರಿ. ತಿರುಚಿದರೆ ಕತ್ತು ಹೋಯಿತು. ಮುಂದಿನ ಸಲ ಹಾಕುವ ಮುಂಚೆ ಅಚ್ಚನ್ನು ಮತ್ತೆ ನೀರಿಗೆ ಅದ್ದಿ ಒರೆಸಿ. ಈ ಬಿಸಿ ಪಾಕ ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಮಕ್ಕಳು ಒಲೆಯ ಹತ್ತಿರ ಬೇಡ. ಅಚ್ಚು ಕಟ್ಟುವುದು, ಬೊಂಬೆಯ ಅಂಚು ಉಜ್ಜಿ ನಯ ಮಾಡುವುದು ಅವರ ಪಾಲಿಗಿರಲಿ.

ಕೆಲಸ ಮುಗಿದ ಮೇಲೆ ಸೋಪು ಹಾಕಬೇಡಿ, ತಣ್ಣೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಸಕ್ಕರೆ ತಾನೇ ಕರಗುತ್ತದೆ. ನೆರಳಿನಲ್ಲಿ ಎರಡು ಮೂರು ದಿನ ಒಣಗಿಸಿ, ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ. ಪೂರ್ತಿ ಒಣಗಿದ ಮೇಲೆ ಎರಡೂ ಹೋಳನ್ನು ಸೇರಿಸಿ ದಾರದಿಂದ ಬಿಗಿದೇ ಎತ್ತಿಡಿ. ಬಿಡಿಬಿಡಿಯಾಗಿಟ್ಟರೆ ಒಂದೊಂದು ಒಂದೊಂದು ಕಡೆ ಬಾಗಿ, ಮುಂದಿನ ಸಂಕ್ರಾಂತಿಗೆ ಜೋಡಿ ಕೂರುವುದಿಲ್ಲ.