ಹಳೆಯ ಸಿಲಿಕೋನ್ ಮೇಲೆ ಹೊಸದನ್ನು ಬಳಿಯಬೇಡಿ

ಅಡುಗೆಮನೆಯ ಸಿಂಕ್ ಸುತ್ತ, ನೀರಿಳಿಯದಂತೆ ಸಂದಿಗೆ ತುಂಬಿದ್ದ, ಕಪ್ಪಗಾಗಿದ್ದ ಸಿಲಿಕೋನ್ ಗೆರೆಯನ್ನು ಕೀಳದೆ, ಅದರ ಮೇಲೆಯೇ ಹೊಸದನ್ನು ಎಳೆದ ಕೆಲಸವೊಂದು ಕೆಟ್ಟ ಬಗೆ ಇದು. ಎಳೆದ ದಿನ ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಕೆಲವೇ ವಾರಗಳಲ್ಲಿ ನಲ್ಲಿಯ ಹಿಂದಿನ ಮೂಲೆಯಲ್ಲಿ ತುದಿ ಎದ್ದಿತು. ಉಗುರಿನಿಂದ ಮೀಟಿದ್ದೇ ತಡ, ಇಡೀ ಗೆರೆ ರಿಬ್ಬನ್ನಿನಂತೆ ಕಿತ್ತು ಬಂತು. ಅಷ್ಟರಲ್ಲಿ ಕೆಳಗಿನ ಕ್ಯಾಬಿನೆಟ್ಟಿನ ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಅಂಚೆಲ್ಲ ಉಬ್ಬಿಹೋಗಿತ್ತು. ಒಮ್ಮೆ ಉಬ್ಬಿದ ಆ ಬೋರ್ಡ್ ಒಣಗಿಸಿದರೂ ಮೊದಲಿನಂತಾಗುವುದಿಲ್ಲ, ಬದಲಿಸಲೇಬೇಕು.

ಗಟ್ಟಿಯಾದ ಹಳೆಯ ಸಿಲಿಕೋನ್‌ಗೆ ಯಾವುದೂ ನೆಟ್ಟಗೆ ಅಂಟುವುದಿಲ್ಲ, ಹೊಸ ಸಿಲಿಕೋನ್ ಕೂಡ. ಎರಡು ಪದರಗಳ ನಡುವೆ ನೀರು ನುಸುಳಿ ಅಲ್ಲೇ ನಿಲ್ಲುತ್ತದೆ, ಬೂಸ್ಟು ಒಳಗಿನಿಂದಲೇ ಬೆಳೆಯುತ್ತದೆ. ಮೇಲಿನಿಂದ ಎಷ್ಟು ಉಜ್ಜಿದರೂ ಆ ಕಪ್ಪು ಹೋಗದಿರುವುದು ಅದಕ್ಕೇ.

ಹಾಗಾಗಿ ಕೀಳುವ ಕೆಲಸಕ್ಕೇ ಹೆಚ್ಚು ಸಮಯ ಕೊಡಿ. ಗೆರೆಯ ಎರಡೂ ಅಂಚನ್ನು ಬ್ಲೇಡಿನಿಂದ ಕೊಯ್ದು ಎಳೆಯಿರಿ, ಉಳಿದದ್ದನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಹೆರೆಯಿರಿ. ಆಮೇಲೂ ಕಣ್ಣಿಗೆ ಕಾಣದ ತೆಳು ಪೊರೆಯೊಂದು ಉಳಿದಿರುತ್ತದೆ. ಕೆಲಸ ಕೆಡಿಸುವುದು ಹೆಚ್ಚಾಗಿ ಅದೇ. ಒಣ ಬೆರಳನ್ನು ಒತ್ತಿ ಎಳೆದು ನೋಡಿ: ರಬ್ಬರಿನಂತೆ ತಡೆದ ಕಡೆ ಪೊರೆ ಇನ್ನೂ ಇದೆ ಎಂದರ್ಥ. ಅಲ್ಲಿಗೆ ಸಿಲಿಕೋನ್ ರಿಮೂವರ್ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಹೆರೆಯಿರಿ. ಬೂಸ್ಟಿದ್ದರೆ ತೆಳುವಾಗಿಸಿದ ಬ್ಲೀಚ್ ಹಾಕಿ ತೊಳೆಯಿರಿ. ಬ್ಲೀಚ್ ಜೊತೆ ಆಸಿಡ್ ಕ್ಲೀನರ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ, ಎರಡನ್ನೂ ಎಂದೂ ಬೆರೆಸಬೇಡಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಸಂದಿನೊಳಗಿನ ತೇವ ಬೇಗ ಆರುವುದಿಲ್ಲ, ಒಂದು ರಾತ್ರಿ ಹಾಗೇ ಬಿಡುವುದು ಒಳ್ಳೆಯದು.

ಟ್ಯೂಬ್ ಆರಿಸುವಲ್ಲೂ ಎಡವುವವರು ಬಹಳ. ವಿನೆಗರ್ ವಾಸನೆ ಬರುವ ಅಸಿಟಾಕ್ಸಿ ಸಿಲಿಕೋನ್ ಗಾಜು ಮತ್ತು ಹೊಳಪಿನ ಟೈಲ್ಸ್‌ಗೆ ಸರಿ. ಗಟ್ಟಿಯಾಗುವಾಗ ಅದು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ಕನ್ನಡಿಯ ಹಿಂದಿನ ಬೆಳ್ಳಿಲೇಪವನ್ನು ಅಂಚಿನಿಂದ ಕಪ್ಪಾಗಿಸುತ್ತದೆ, ತಾಮ್ರ, ಹಿತ್ತಾಳೆ, ಸತು ಲೇಪಿಸಿದ ಕಬ್ಬಿಣವನ್ನು ತಿನ್ನುತ್ತದೆ, ಅಮೃತಶಿಲೆಗೂ ಸಿಮೆಂಟಿಗೂ ಹಾನಿ ಮಾಡುತ್ತದೆ. ಅಂಥ ಕಡೆ ಗಟ್ಟಿಯಾಗುವಾಗ ಆ ಆಮ್ಲ ಬಿಡದ ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ಬೇಕು. ಅಮೃತಶಿಲೆಗೆ ಅದೂ ಸಾಲದು, ಕೆಲವು ಸಿಲಿಕೋನ್‌ಗಳ ಎಣ್ಣೆ ಕಲ್ಲಿಗೆ ಇಳಿದು ಅಳಿಸಲಾಗದ ಕಲೆ ಮಾಡುತ್ತದೆ. ನೈಸರ್ಗಿಕ ಕಲ್ಲಿಗೆ ಎಂದು ನಮೂದಿಸಿದ್ದನ್ನೇ ಕೊಳ್ಳಿ. ಗೋಡೆ ಮತ್ತು ಬಾಗಿಲ ಚೌಕಟ್ಟಿನ ಒಣ ಸಂದಿಗೆ, ಮೇಲೆ ಪೇಂಟ್ ಬಳಿಯುವುದಾದರೆ, ಅಕ್ರಿಲಿಕ್ ಸೀಲಂಟ್. ಸಿಲಿಕೋನ್ ಮೇಲೆ ಪೇಂಟ್ ನಿಲ್ಲುವುದಿಲ್ಲ. ಅಕ್ರಿಲಿಕ್ ನೀರಾರಿ ಕುಗ್ಗುತ್ತದೆ, ಸದಾ ಒದ್ದೆಯಿರುವ ಜಾಗಕ್ಕೆ ಬೇಡವೇ ಬೇಡ. ಅವಧಿ ಮುಗಿದ ಟ್ಯೂಬ್ ವಾರ ಕಳೆದರೂ ಅಂಟಂಟಾಗಿಯೇ ಉಳಿಯಬಹುದು, ದಿನಾಂಕ ನೋಡಿ.

300 ಮಿ.ಲೀ. ಟ್ಯೂಬ್ 6 ಮಿ.ಮೀ. ಅಗಲ, 6 ಮಿ.ಮೀ. ಆಳದ ಸಂದಿಯನ್ನು ಸುಮಾರು 8 ಮೀಟರ್ ತುಂಬಿಸುತ್ತದೆ. ಅಗಲವಾದ, ಆಳವಾದ ಸಂದಿಗೆ ಸುಮ್ಮನೆ ತುರುಕಬೇಡಿ. ಮೊದಲು ಸಂದಿಯ ಅಗಲಕ್ಕಿಂತ ಸ್ವಲ್ಪ ದಪ್ಪನೆಯ ಬ್ಯಾಕರ್ ರಾಡ್, ಅಂದರೆ ಸೀಲಂಟ್ ತಳಕ್ಕೆ ಅಂಟದಂತೆ ತಡೆಯುವ ಫೋಮ್ ಹುರಿ, ಒತ್ತಿ ಕೂರಿಸಿ. ಇದು ಬರೀ ಟ್ಯೂಬ್ ಉಳಿಸುವ ಉಪಾಯವಲ್ಲ. ಸೀಲಂಟ್ ಎರಡು ಪಕ್ಕಕ್ಕೆ ಮಾತ್ರ ಅಂಟಿದ್ದರೆ ಸಂದಿ ಹಿಗ್ಗಿದಾಗ ತಾನೂ ಹಿಗ್ಗುತ್ತದೆ, ತಳಕ್ಕೂ ಅಂಟಿದರೆ ಸೀಳಿಹೋಗುತ್ತದೆ.

ನಾಜಲ್ ತುದಿಯನ್ನು 45 ಡಿಗ್ರಿ ಓರೆಯಾಗಿ, ಸಂದಿಯ ಅಗಲಕ್ಕಿಂತ ತುಸು ಕಿರಿದಾಗಿ ಕತ್ತರಿಸಿ. ಎರಡೂ ಬದಿ ಮಾಸ್ಕಿಂಗ್ ಟೇಪ್ ಹಚ್ಚಿ, ಎಲ್ಲೂ ನಿಲ್ಲಿಸದೆ ಎಳೆದು, ಕೂಡಲೇ ಒಂದೇ ಸಲ ಸವರಿ ಟೇಪ್ ತೆಗೆಯಿರಿ. ಹೆಚ್ಚಿನ ಸಿಲಿಕೋನ್‌ಗಳಿಗೆ ಹತ್ತಿಪ್ಪತ್ತು ನಿಮಿಷದಲ್ಲೇ ಕೆನೆ ಕಟ್ಟುತ್ತದೆ, ಆಮೇಲೆ ಟೇಪ್ ಕಿತ್ತರೆ ಅಂಚೂ ಹರಿದು ಬರುತ್ತದೆ. ಸವರಲು ಸೋಪು ನೀರು ಬಳಸುವವರು ಗೆರೆ ಎಳೆದ ಮೇಲಷ್ಟೇ ಬಳಸಿ. ಅದು ಮೊದಲೇ ಸಂದಿಗೆ ಬಿದ್ದರೆ ಆ ಜಾಗ ಅಂಟುವುದಿಲ್ಲ.

ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಒಳಗೆ ಹಸಿಯೇ. 24 ಗಂಟೆಗೆ ಸುಮಾರು 2ರಿಂದ 3 ಮಿ.ಮೀ. ಆಳ ಮಾತ್ರ ಗಟ್ಟಿಯಾಗುತ್ತದೆ. 6 ಮಿ.ಮೀ. ಗೆರೆಗೆ ಎರಡು ಮೂರು ದಿನ ನೀರು ತಾಗಿಸಬೇಡಿ.

ಟ್ಯೂಬಿನಲ್ಲಿ ಮಿಕ್ಕಿದ್ದನ್ನು ಕಿಟಕಿಗೆ ಬಳಿಯಲು ಹೊರಟವರು ಚೌಕಟ್ಟಿನ ಹೊರಬದಿಯ ಕೆಳಗಿರುವ ಸಣ್ಣ ಸೀಳುಗಳನ್ನು ಮುಚ್ಚಬೇಡಿ. ಒಳಗೆ ಇಳಿದ ಮಳೆನೀರು ಹೊರಹೋಗುವ ದಾರಿ ಅದು. ಈಗಾಗಲೇ ಮುಚ್ಚಿದ್ದರೆ ಮುಂದಿನ ಮಳೆಗೆ ಮೊದಲೇ ಬ್ಲೇಡಿನಿಂದ ಬಿಡಿಸಿ.