ಒಂದು ಮಳೆಗಾಲ, ಮೂರು ಲಿನಕ್ಸ್: ಕರೆಂಟು ಹೋದ ಮೇಲೆ ಯಾವುದು ಎದ್ದು ಬರುತ್ತದೆ?

ನಮ್ಮ ಮನೆ ಕೊಡಗಿನ ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆಗೆ ಹೋಗುವ ದಾರಿಯಲ್ಲಿದೆ. ಮಳೆ ಹಿಡಿದರೆ ದಿನಕ್ಕೆ ನಾಲ್ಕೈದು ಸಲ ಕರೆಂಟು ಹೋಗುತ್ತದೆ. ಜೋರು ಗಾಳಿಗೆ ಸಿಲ್ವರ್ ಓಕ್ ಒಂದು ತಂತಿ ಮೇಲೆ ಬಿತ್ತು ಅಂದರೆ ಮೂರು ದಿನ ಬರುವುದೇ ಇಲ್ಲ. ಕರೆಂಟಿನ ಹಿಂದೆಯೇ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಹಾಗಾಗಿ ಕಂಪ್ಯೂಟರ್ ಕೆಟ್ಟರೆ ನೆಟ್‌ನಲ್ಲಿ ಹುಡುಕಿ ಸರಿಮಾಡೋಣ ಅನ್ನುವ ಮಾತು ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯುವುದಿಲ್ಲ. ವಿಂಡೋಸ್ ಬದಲು ಕಂಪ್ಯೂಟರ್ ನಡೆಸಲು ಹಾಕಿಕೊಳ್ಳುವ ಲಿನಕ್ಸ್‌ನಲ್ಲಿ ಉಬುಂಟು, ಡೆಬಿಯನ್, ಮಿಂಟ್ ಅಂತ ಹಲವು ಬಗೆ ಇವೆ. ಅದರಲ್ಲಿ ಯಾವುದು ಒಳ್ಳೇದು ಅಂತ ಯಾರಾದರೂ ಕೇಳಿದರೆ ನಾನು ನೋಡುವುದು ಎರಡೇ ವಿಷಯ. ಕರೆಂಟು ಪಕ್ಕನೆ ಹೋದ ಮೇಲೆ ಅದು ತಾನಾಗಿ ಎದ್ದು ಬರುತ್ತದಾ? ಬರದಿದ್ದರೆ ನೆಟ್ ಇಲ್ಲದೆ ನಾವೇ ಎಬ್ಬಿಸಬಹುದಾ?

ಈ ಪ್ರಶ್ನೆ ಈಗ ಜಾಸ್ತಿ ಜನ ಕೇಳುತ್ತಿದ್ದಾರೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು, ನಮ್ಮ ಕಡೆ ಮನೆಗಳಲ್ಲಿರುವ ಹಳೇ ಮೆಷಿನ್‌ಗಳ ಮೇಲೆ 11 ಕೂರುವುದಿಲ್ಲ. ನಮ್ಮದೂ ಹಳೆಯದೇ. ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿಯ ಹಳೇ ಹಾರ್ಡ್ ಡಿಸ್ಕ್. ಅದರಲ್ಲಿ ತೋಟದ ವಾರದ ಬಟವಾಡೆ ಲೆಕ್ಕ ಇದೆ, ಕಾಫಿ ಮತ್ತು ಕರಿಮೆಣಸು ಮಾರಿದ ಲೆಕ್ಕ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಮಾವನ ಮಳೆ ಪುಸ್ತಕ ಇದೆ. ಮಾವ ದಿನಾ ಬೆಳಗ್ಗೆ ಮಳೆ ಅಳೆದು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು) ಬರೆದಿಡುತ್ತಾರೆ. ಹಳೇ ನೋಟ್‌ಬುಕ್‌ಗಳು ಥಂಡಿಗೆ ಬೂಸ್ಟು ಹಿಡಿಯುತ್ತಿದ್ದವು ಅಂತ ಎರಡು ವರ್ಷ ಕೂತು ಎಲ್ಲವನ್ನೂ ಲಿಬ್ರೆ ಆಫೀಸ್‌ನ ಕ್ಯಾಲ್ಕ್‌ಗೆ ಏರಿಸಿದ್ದೇನೆ. ಅದು ಹೋದರೆ ಮತ್ತೆ ಸಿಗುವುದಲ್ಲ.

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ನಮಗೂ ಬೇಗ ಹಿಡಿಯಿತು. ಆ ಮಳೆಗಾಲದಲ್ಲಿ ಒಂದೇ ಮೆಷಿನ್ ಮೇಲೆ ಜೂನ್ ಪೂರ್ತಿ ಉಬುಂಟು 24.04, ಜುಲೈ ಪೂರ್ತಿ ಡೆಬಿಯನ್ 12, ಆಗಸ್ಟ್‌ನಿಂದ ಲಿನಕ್ಸ್ ಮಿಂಟ್ 22.1 ಹಾಕಿ ನೋಡಿದೆ. ಡೆಬಿಯನ್ ಮತ್ತು ಮಿಂಟ್‌ನಲ್ಲಿ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ತೆಗೆದುಕೊಂಡೆ, ಉಬುಂಟುವಿನಲ್ಲಿ ಅದರ ಜೊತೆ ಬರುವ ಗ್ನೋಮ್ ಇಟ್ಟುಕೊಂಡೆ. ಡೆಸ್ಕ್‌ಟಾಪ್ ಅಂದರೆ ಪರದೆಯ ಮೇಲೆ ಕಾಣುವ ಕಿಟಕಿ, ಪಟ್ಟಿಗಳನ್ನು ನಡೆಸುವ ಭಾಗ. ಮಳೆ ಪುಸ್ತಕದ ಪ್ರತಿಯನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿಟ್ಟ ಮೇಲೇ ಇದಕ್ಕೆಲ್ಲ ಕೈ ಹಾಕಿದ್ದು.

ಮೊದಲು ಮೂರರಲ್ಲೂ ಒಂದೇ ಥರ ಬರುವ ತೊಂದರೆ ಹೇಳಿಬಿಡುತ್ತೇನೆ, ಯಾಕೆಂದರೆ ಜನ ಇದನ್ನು ನೋಡಿಯೇ ಹೆದರಿ ಮತ್ತೆ ವಿಂಡೋಸ್‌ಗೆ ಹೋಗುವುದು. ಕರೆಂಟು ಹೋಗಿ ಬಂದ ಮೇಲೆ ಒಂದೊಂದು ಸಲ ಕಪ್ಪು ಪರದೆ ಬಂದು, ಇನಿಟ್‌ರ‍್ಯಾಮ್‌ಎಫ್‌ಎಸ್ ಅಂತ ಬರೆದು ಸುಮ್ನೆ ನಿಲ್ಲುತ್ತದೆ. ಡಿಸ್ಕ್ ಸತ್ತಿಲ್ಲ. ಬರೆಯುತ್ತಿರುವಾಗ ಕರೆಂಟು ಹೋದದ್ದರಿಂದ ಡಿಸ್ಕಿನ ಒಳಗಿನ ಲೆಕ್ಕ ತಾಳೆಯಾಗುತ್ತಿಲ್ಲ, ನೀನೇ ಒಪ್ಪಿಗೆ ಕೊಟ್ಟರೆ ಸರಿಮಾಡುತ್ತೇನೆ ಅಂತ ಕೇಳುತ್ತಿದೆ ಅಷ್ಟೆ. ಸಾಮಾನ್ಯವಾಗಿ ಸಣ್ಣಪುಟ್ಟದ್ದನ್ನು ಅದೇ ಸರಿಮಾಡಿಕೊಳ್ಳುತ್ತದೆ, ಏಕೆಂದರೆ ಡಿಸ್ಕಿನಲ್ಲಿ ಫೈಲ್ ಇಡಲು ಮೂರೂ ಬಳಸುವ ಎಕ್ಸ್ಟ್‌4 ಪದ್ಧತಿಯಲ್ಲಿ ಏನು ಬದಲಾಯಿಸುತ್ತೇನೆ ಅಂತ ಮೊದಲು ಒಂದು ಕಡೆ ಬರೆದಿಟ್ಟುಕೊಂಡೇ ಕೆಲಸ ಮಾಡುವುದು. ಅದರಿಂದ ಆಗದಿದ್ದಾಗ ನಮ್ಮನ್ನು ಕೇಳುತ್ತದೆ. ಪರದೆಯ ಮೇಲೆಯೇ ಯಾವ ಪಾರ್ಟಿಷನ್ (ಡಿಸ್ಕಿನ ಭಾಗ) ಅಂತ ಹೆಸರು ಇರುತ್ತದೆ, ನಮ್ಮದರಲ್ಲಿ ಎಸ್‌ಡಿಎ2. ಎಫ್‌ಎಸ್‌ಸಿಕೆ ಅಂತ (ಡಿಸ್ಕ್ ಪರೀಕ್ಷಿಸಿ ಸರಿಮಾಡುವ ಆಜ್ಞೆ) ಟೈಪ್ ಮಾಡಿ, ಜಾಗ ಬಿಟ್ಟು ಅಡ್ಡಗೆರೆ (-) ವೈ, ಮತ್ತೆ ಜಾಗ ಬಿಟ್ಟು ಪರದೆಯಲ್ಲಿರುವ ಹಾಗೇ ಆ ಪಾರ್ಟಿಷನ್ನಿನ ಹೆಸರು. ಎಂಟರ್. ಮುಗಿದ ಮೇಲೆ ರೀಬೂಟ್. ಹಾರ್ಡ್ ಡಿಸ್ಕಿನಲ್ಲಿ ಹತ್ತು ನಿಮಿಷ ಹಿಡಿಯಬಹುದು, ಮಧ್ಯೆ ಆರಿಸಬೇಡಿ. ಇದು ಮೂರರಲ್ಲೂ ಅಕ್ಷರ ತಪ್ಪದೆ ಒಂದೇ. ಹಾಗಾಗಿ ಈ ವಿಷಯಕ್ಕೆ ಯಾವುದಕ್ಕೂ ಅಂಕ ಇಲ್ಲ.

ಇನ್ನು ಉಬುಂಟು. ಕನ್ನಡಕ್ಕೆ ಇದರಷ್ಟು ಸುಲಭ ಬೇರೆ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್‌ಗೆ ಹೋಗಿ ಕನ್ನಡದ ಕಗಪ ಕೀಲಿ ವಿನ್ಯಾಸ ಸೇರಿಸಿದರೆ ಮುಗಿಯಿತು, ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ, ಒತ್ತಕ್ಷರಕ್ಕೆ ಎಫ್ ಕೀ ಇಲ್ಲೂ ಅದೇ. ಪರದೆ ಲಾಕ್ ಆದಾಗ ಯಾವ ಭಾಷೆಯಲ್ಲಿದೆ ಅಂತ ಮೂಲೆಯಲ್ಲಿ ತೋರಿಸುತ್ತದೆ. ಇದು ಸಣ್ಣ ವಿಷಯ ಅಲ್ಲ. ಕನ್ನಡದಲ್ಲಿ ಬರೆಯುತ್ತಿರುವಾಗ ಲಾಕ್ ಆಗಿ, ಪಾಸ್‌ವರ್ಡ್ ತಪ್ಪು ತಪ್ಪು ಅಂತ ಬಂದು, ಕಂಪ್ಯೂಟರೇ ಕೆಟ್ಟಿತು ಅಂದುಕೊಂಡವರನ್ನು ನಾನು ನೋಡಿದ್ದೇನೆ. ಭಾಷೆ ಬದಲಿಸುವ ಕೀ ಒತ್ತಿ ಇಂಗ್ಲಿಷ್‌ಗೆ ತಂದರೆ ಸರಿಹೋಗುತ್ತದೆ.

ಆದರೆ 4 ಜಿಬಿ ರ‍್ಯಾಮ್‌ಗೆ ಗ್ನೋಮ್ ಭಾರ. ಏನೂ ತೆರೆಯದೆ ಒಂದೂವರೆ ಜಿಬಿ ಹತ್ತಿರ ತಿನ್ನುತ್ತಿತ್ತು. ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ (ಬೇಕಾದದ್ದೆಲ್ಲ ಒಂದೇ ಕಟ್ಟಿನಲ್ಲಿ) ಬರುವುದರಿಂದ ಹಳೇ ಹಾರ್ಡ್ ಡಿಸ್ಕಿನಲ್ಲಿ ಮೊದಲ ಸಲ ತೆರೆಯಲು ಅರ್ಧ ನಿಮಿಷ ಬೇಕಿತ್ತು. ಇದನ್ನು ಸಹಿಸಬಹುದಿತ್ತು. ನನಗೆ ನಿಜವಾದ ತೊಂದರೆ ಕೊಟ್ಟದ್ದು ಅದು ತಾನಾಗಿ ಅಪ್‌ಡೇಟ್ ಮಾಡಿಕೊಳ್ಳುವುದು. ಭದ್ರತೆಯ ಅಪ್‌ಡೇಟ್‌ಗಳನ್ನು ನಮ್ಮನ್ನು ಕೇಳದೆ ಹಿಂದಿನಿಂದ ಹಾಕುತ್ತದೆ, ಸ್ನ್ಯಾಪ್‌ಗಳಿಗಂತೂ ದಿನಕ್ಕೆ ನಾಲ್ಕು ಸಲ ಹೊಸದು ಇದೆಯಾ ಅಂತ ಹುಡುಕುತ್ತದೆ. ಕರೆಂಟು ಸ್ಥಿರವಾಗಿರುವ ಊರಿನಲ್ಲಿ ಇದು ಒಳ್ಳೆಯ ಗುಣವೇ, ಇಲ್ಲ ಅನ್ನುವುದಿಲ್ಲ. ನಮ್ಮಲ್ಲಿ ಏನಾಯಿತು ಅಂದರೆ ಒಂದು ಸಂಜೆ ನಾನು ಬಟವಾಡೆ ಲೆಕ್ಕ ಮಾಡುತ್ತಿದ್ದೆ, ಹಿಂದಿನಿಂದ ಅಪ್‌ಡೇಟ್ ಓಡುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ, ಅಷ್ಟರಲ್ಲಿ ಕರೆಂಟು ಹೋಯಿತು. ಮಾರನೇ ದಿನ ಏನೇ ಹೊಸದು ಹಾಕಲು ಹೋದರೂ ತಂತ್ರಾಂಶ ಹಾಕುವ ಸಾಧನವಾದ ಡಿಪಿಕೆಜಿ ಅರ್ಧಕ್ಕೆ ನಿಂತಿದೆ ಅಂತ ಬರುತ್ತಿತ್ತು. ಅದಕ್ಕೆ ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಸುಡೋ (ಮೇಲಿನ ಅಧಿಕಾರದಿಂದ ನಡೆಸು ಅಂತ ಅರ್ಥ), ಜಾಗ ಬಿಟ್ಟು ಡಿಪಿಕೆಜಿ, ಜಾಗ ಬಿಟ್ಟು ಎರಡು ಅಡ್ಡಗೆರೆ ಹಾಕಿ ಕಾನ್ಫಿಗರ್, ಮತ್ತೆ ಜಾಗ ಬಿಟ್ಟು ಒಂದು ಅಡ್ಡಗೆರೆ ಹಾಕಿ ಎ ಅಂತ ಕೊಟ್ಟರೆ ನಿಂತ ಕೆಲಸ ಮುಂದುವರಿಯುತ್ತದೆ. ನೆಟ್ ಬೇಡ.

ಎರಡನೇ ಸಲ ಹೀಗಾದಾಗ ಡೆಸ್ಕ್‌ಟಾಪೇ ಬರಲಿಲ್ಲ. ಆಗ ಉಬುಂಟುವಿನ ರಿಕವರಿ ಮೆನು ನನ್ನನ್ನು ಉಳಿಸಿತು. ಶುರುವಿನ ಗ್ರಬ್ ಪಟ್ಟಿಯಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ ರಿಕವರಿ ಮೋಡ್ ಆರಿಸಿದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಮೊದಲು ಎಫ್‌ಎಸ್‌ಸಿಕೆ ಸಾಲು ಆರಿಸಿ. ಡಿಸ್ಕ್ ಪರೀಕ್ಷೆ ಆಗುತ್ತದೆ, ಜೊತೆಗೆ ಡಿಸ್ಕ್ ಬರೆಯುವ ಸ್ಥಿತಿಗೂ ಬರುತ್ತದೆ. ಆಮೇಲೆ ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಸಾಲು ಆರಿಸಿ ಅದೇ ಡಿಪಿಕೆಜಿ ಆಜ್ಞೆ ಕೊಡಬಹುದು. ಈ ಕ್ರಮ ಹಿಂದುಮುಂದು ಮಾಡಿದರೆ ಬರೆಯಲು ಆಗುವುದಿಲ್ಲ ಅಂತ ಹೇಳುತ್ತದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಇನ್ನೊಂದು ವಿಷಯ, ಕರೆಂಟು ಹೋಗಿ ಅರ್ಧಕ್ಕೆ ನಿಂತಿದ್ದರೆ ಮುಂದಿನ ಸಲ ಗ್ರಬ್ ಪಟ್ಟಿ 30 ಸೆಕೆಂಡ್ ಕಾಯಬಹುದು. ಹಾಗೇ ಬಿಡಿ, ತಾನೇ ಮುಂದೆ ಹೋಗುತ್ತದೆ.

ಜುಲೈನಲ್ಲಿ ಡೆಬಿಯನ್. ಇದರ ಮೇಲೆ ನನಗೆ ಬಹಳ ಗೌರವ ಬಂತು. ಹಗುರ ಅಂದರೆ ಹಗುರ, ಸುಮಾರು 600 ಎಂಬಿಯಲ್ಲಿ ಡೆಸ್ಕ್‌ಟಾಪ್ ಬಂದು ಕೂರುತ್ತದೆ. ಸುಮ್ನೆ ಸುಮ್ನೆ ಅಪ್‌ಡೇಟ್ ಬರುವುದಿಲ್ಲ. ದೊಡ್ಡ ಅನುಕೂಲ ಅಂದರೆ ಪೂರ್ತಿ ಡಿವಿಡಿ ಇಮೇಜನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ನೆಟ್ ಇಲ್ಲದೆಯೇ ಡೆಸ್ಕ್‌ಟಾಪ್ ಸಮೇತ ಹಾಕಬಹುದು. 12ರಿಂದ ವೈಫೈಗೆ ಬೇಕಾದ ಫರ್ಮ್‌ವೇರ್‌ಗಳನ್ನೂ ಜೊತೆಗೇ ಕೊಡುತ್ತಾರೆ, ಮೊದಲು ಅದನ್ನು ಬೇರೆ ಹುಡುಕಬೇಕಿತ್ತು.

ಆದರೆ ಹೊಸಬರಿಗೆ ಇದು ಮೊದಲ ದಿನವೇ ಎರಡು ಕಡೆ ತಡೆಯುತ್ತದೆ. ನೆಟ್ ಇಲ್ಲದೆ ಹಾಕಿದರೆ, ಆಮೇಲೆ ನೆಟ್ ಬಂದು ಏನಾದರೂ ಹಾಕಲು ಹೋದಾಗ ಡಿಸ್ಕ್ ಹಾಕಿ ಅಂತ ಕೇಳುತ್ತಲೇ ಇರುತ್ತದೆ. ತಂತ್ರಾಂಶವನ್ನು ಎಲ್ಲಿಂದ ತರಬೇಕು ಅಂತ ಬರೆದಿರುವ ಸೋರ್ಸಸ್ ಡಾಟ್ ಲಿಸ್ಟ್ ಫೈಲಿನಲ್ಲಿ ಸಿಡಿರಾಮ್ ಅಂತ ಇರುವ ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿ, ನೆಟ್‌ನ ಸಾಲುಗಳನ್ನು ಸೇರಿಸಬೇಕು. ಎರಡನೆಯದು ರೂಟ್ ಪಾಸ್‌ವರ್ಡ್. ಹಾಕುವಾಗ ಅದನ್ನು ಕೊಟ್ಟರೆ ನಿಮ್ಮ ಹೆಸರಿಗೆ ಸುಡೋ ಅಧಿಕಾರ ಸಿಗುವುದಿಲ್ಲ. ಖಾಲಿ ಬಿಟ್ಟರೆ ಸುಡೋ ಸಿಗುತ್ತದೆ, ಆದರೆ ರೂಟ್ ಖಾತೆ ಮುಚ್ಚಿರುತ್ತದೆ. ಇದರ ಪರಿಣಾಮ ನನಗೆ ಗೊತ್ತಾದದ್ದು ಕರೆಂಟು ಹೋಗಿ ರಿಕವರಿಗೆ ಹೋದ ದಿನ. ಡೆಬಿಯನ್‌ನ ರಿಕವರಿಯಲ್ಲಿ ಪಟ್ಟಿ ಇಲ್ಲ, ನೇರ ರೂಟ್ ಪಾಸ್‌ವರ್ಡ್ ಕೇಳುತ್ತದೆ. ನಾನು ಖಾಲಿ ಬಿಟ್ಟಿದ್ದೆ. ರೂಟ್ ಖಾತೆಗೆ ಬೀಗ ಹಾಕಿದೆ, ಒಳಗೆ ಬಿಡಲಾಗುವುದಿಲ್ಲ ಅಂತ ಬಂತು. ಹೊರಗೆ ಮಳೆ ಸುರಿಯುತ್ತಿತ್ತು, ಸಿಗ್ನಲ್ ಇರಲಿಲ್ಲ, ಮಾವ ಬಾಗಿಲಲ್ಲಿ ನಿಂತು "ಏನಮ್ಮಾ, ಪುಸ್ತಕ ಹೋಯ್ತಾ?" ಅಂತ ಕೇಳಿದರು. "ಇಲ್ಲ ಮಾವ, ಪೆನ್‌ಡ್ರೈವ್‌ನಲ್ಲಿದೆ" ಅಂದೆ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ, ಡಿಸ್ಕನ್ನು ಮುಟ್ಟದೆ ತನ್ನಿಂದಲೇ ಲಿನಕ್ಸ್ ನಡೆಸುವ ಲೈವ್ ಪೆನ್‌ಡ್ರೈವ್‌ನಿಂದ ಎಬ್ಬಿಸಿ ಅದರೊಳಗಿಂದ ಡಿಸ್ಕ್ ಸರಿಮಾಡಿದೆ.

ನೀವು ಡೆಬಿಯನ್ ಹಾಕುವುದಾದರೆ ರೂಟ್ ಪಾಸ್‌ವರ್ಡ್ ಕೊಟ್ಟೇ ಹಾಕಿ, ಅದನ್ನು ಎಲ್ಲಾದರೂ ಬರೆದಿಡಿ. ಆಮೇಲೆ ಟರ್ಮಿನಲ್‌ನಲ್ಲಿ ಎಸ್‌ಯು ಬರೆದು ಜಾಗ ಬಿಟ್ಟು ಒಂದು ಅಡ್ಡಗೆರೆ ಹಾಕಿ ರೂಟ್ ಆಗಿ. ಆ ಅಡ್ಡಗೆರೆ ಬಿಟ್ಟರೆ ಮುಂದಿನ ಆಜ್ಞೆ ಸಿಗುವುದಿಲ್ಲ. ಆಡ್‌ಯೂಸರ್, ನಿಮ್ಮ ಹೆಸರು, ಸುಡೋ ಅಂತ ಕೊಟ್ಟು ಒಂದು ಸಲ ಲಾಗ್ ಔಟ್ ಆಗಿ ಬಂದರೆ ಎರಡೂ ಅನುಕೂಲ ಸಿಗುತ್ತದೆ. ಕನ್ನಡದ ಫಾಂಟ್‌ಗಳು ಇದರ ಸಂಗ್ರಹದಲ್ಲೇ ಇವೆ, ಗುಬ್ಬಿ ಮತ್ತು ನವಿಲು. ನವಿಲು ಕೈಬರಹದ ಥರ ಇರುತ್ತದೆ, ಮಾವನಿಗೆ ಅದೇ ಇಷ್ಟ.

ಮಿಂಟ್ ಹಾಕುವಾಗ ನನಗೆ ಹೆಚ್ಚು ನಿರೀಕ್ಷೆ ಇರಲಿಲ್ಲ. 22.1ರ ತಳಪಾಯ ಉಬುಂಟು 24.04 ಅಲ್ವಾ, ಅದೇ ಕಥೆ ಇರುತ್ತದೆ ಅಂದುಕೊಂಡಿದ್ದೆ. ಒಳಗೆ ಅದೇ ಹೌದು. ರಿಕವರಿಯಲ್ಲಿ ಅದೇ ಪಟ್ಟಿ, 2029ರವರೆಗೆ ಅಪ್‌ಡೇಟ್ ಸಿಗುವುದೂ ಅದೇ. ಬೇರೆ ಇರುವುದು ನಡವಳಿಕೆ. ತಾನಾಗಿ ಅಪ್‌ಡೇಟ್ ಮಾಡುವುದಿಲ್ಲ. ಕೆಳಗಿನ ಪಟ್ಟಿಯಲ್ಲಿ ಚಿಕ್ಕ ಗುರುತು ತೋರಿಸಿ ನಾವು ಹೇಳುವ ತನಕ ಕಾಯುತ್ತದೆ. ಸ್ನ್ಯಾಪ್ ಇಲ್ಲ, ಫೈರ್‌ಫಾಕ್ಸ್ ಬೇಗ ತೆರೆಯುತ್ತದೆ. ನಾನು ಭಾನುವಾರ ಬೆಳಗ್ಗೆ ಕರೆಂಟು ಸ್ಥಿರವಾಗಿದೆ, ಸಿಗ್ನಲ್ ಇದೆ ಅಂತ ನೋಡಿಕೊಂಡು ಅಪ್‌ಡೇಟ್ ಕೊಡುತ್ತೇನೆ. ಮರೆತರೆ ಭದ್ರತೆಯ ಅಪ್‌ಡೇಟ್ ಹಿಂದೆ ಬೀಳುತ್ತದೆ, ಅದು ಇದರ ಕೊರತೆ ಅಂತಲೇ ಒಪ್ಪಬೇಕು.

ಟೈಮ್‌ಶಿಫ್ಟ್ ಅದರ ಜೊತೆಗೇ ಬರುತ್ತದೆ. ಇವತ್ತಿನ ಸ್ಥಿತಿಯ ಒಂದು ಪ್ರತಿ ತೆಗೆದಿಟ್ಟುಕೊಂಡು, ನಾಳೆ ಕೆಟ್ಟರೆ ಇವತ್ತಿಗೆ ವಾಪಸ್ ತರುವ ಸಾಧನ. ಉಳಿದೆರಡರಲ್ಲೂ ಹಾಕಿಕೊಳ್ಳಬಹುದು, ಆದರೆ ಹಾಕಿಕೊಳ್ಳಬೇಕು ಅಂತ ಹೊಸಬರಿಗೆ ಹೊಳೆಯುವುದಿಲ್ಲ. ಒಂದು ಎಚ್ಚರ: ಅದು ಸಿಸ್ಟಮ್ಮನ್ನು ಮಾತ್ರ ಕಾಯುತ್ತದೆ, ನಿಮ್ಮ ಫೈಲ್‌ಗಳನ್ನು ಅಲ್ಲ. ಮಳೆ ಪುಸ್ತಕಕ್ಕೆ ಪೆನ್‌ಡ್ರೈವ್ ಬೇಕೇ ಬೇಕು. ವೈಫೈ ಡ್ರೈವರ್ ಬೇಕಾದಾಗ ನೆಟ್ ಇಲ್ಲದಿದ್ದರೆ, ಮಿಂಟ್ ಹಾಕಿದ ಅದೇ ಪೆನ್‌ಡ್ರೈವನ್ನು ಚುಚ್ಚಿದರೆ ಡ್ರೈವರ್ ಮ್ಯಾನೇಜರ್ ಕೆಲವನ್ನು ಅದರಿಂದಲೇ ತೆಗೆದುಕೊಳ್ಳುತ್ತದೆ. ಅದರಲ್ಲೂ ಇಲ್ಲದಿದ್ದರೆ ಮೊಬೈಲನ್ನು ಚಾರ್ಜರ್ ವೈರಿನಲ್ಲಿ ಸೇರಿಸಿ, ಮೊಬೈಲಿನ ನೆಟ್ಟನ್ನು ಕಂಪ್ಯೂಟರಿಗೆ ಕೊಡುವ ಯುಎಸ್‌ಬಿ ಟೆದರಿಂಗ್ ಹಾಕಿ. ನಮ್ಮ ಮೆಷಿನ್‌ನಲ್ಲಿ ಮೂರರಲ್ಲೂ ಏನೂ ಹಾಕದೆ ನಡೆಯಿತು. ಕಗಪ ಸೇರಿಸುವುದು ಮಾತ್ರ ಉಬುಂಟುಗಿಂತ ಒಂದು ಹೆಜ್ಜೆ ಜಾಸ್ತಿ, ಕೀಬೋರ್ಡ್ ಲೇಔಟ್‌ನಲ್ಲಿ ಸಿಸ್ಟಮ್ ಡಿಫಾಲ್ಟ್ ಅನ್ನುವುದನ್ನು ಮೊದಲು ಆಫ್ ಮಾಡಬೇಕು. ಬದಲಿಸುವ ಕೀಯನ್ನೂ ನಾವೇ ಗೊತ್ತುಮಾಡಬೇಕು.

ಮೂರು ತಿಂಗಳಲ್ಲಿ ಬಂದ ತೊಂದರೆಗಳಲ್ಲಿ ಲಿನಕ್ಸಿಗೆ ಸಂಬಂಧವೇ ಇಲ್ಲದವೂ ಇದ್ದವು. ಯಾವ ವೆಬ್‌ಸೈಟೂ ತೆರೆಯದೆ, ಸುರಕ್ಷಿತವಲ್ಲ ಅಂತ ಬರುತ್ತಿದ್ದರೆ ಮೊದಲು ತಾರೀಖು ನೋಡಿ. ಕರೆಂಟು ಹೋದಾಗ ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡ್‌ನ ನಾಣ್ಯದಂಥ ಬ್ಯಾಟರಿ, ಸಿಆರ್ 2032. ಅದು ಮುಗಿದರೆ ವರ್ಷವೇ ಹಿಂದೆ ಹೋಗಿರುತ್ತದೆ. ಕಡಿಮೆ ದುಡ್ಡಿನ ಬ್ಯಾಟರಿ, ಬದಲಿಸಿ. ಆನ್ ಮಾಡಿದರೆ ಬರೀ ಬೀಪ್ ಬೀಪ್ ಅಂದು ಪರದೆ ಬರದಿದ್ದರೆ ಥಂಡಿಗೆ ರ‍್ಯಾಮ್‌ನ ಅಂಚು ಮಂಕಾಗಿರಬಹುದು, ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆತ್ತಗೆ ಉಜ್ಜಿ ಹಾಕಿ. ಇನ್ವರ್ಟರ್ ಇದ್ದೂ ಕಂಪ್ಯೂಟರ್ ಆರಿ ಹತ್ತುತ್ತಿದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದೆಯಾ ನೋಡಿ, ಅದರಲ್ಲಿ ಬೇಗ ಬದಲಾಗುತ್ತದೆ. ಲಿಬ್ರೆ ಆಫೀಸ್‌ನಲ್ಲಿ ತಾನಾಗಿ ಉಳಿಸುವುದು ಹತ್ತು ನಿಮಿಷಕ್ಕೊಮ್ಮೆ ಇರುತ್ತದೆ, ಎರಡು ನಿಮಿಷಕ್ಕೆ ಇಳಿಸಿಕೊಳ್ಳಿ.

ನಮ್ಮಲ್ಲಿ ಮಿಂಟೇ ಉಳಿಯಿತು. ಡೆಬಿಯನ್ ಗೊತ್ತಿರುವವರು ಒಬ್ಬರು ಮನೆಯಲ್ಲೇ ಇದ್ದರೆ ಅದನ್ನೇ ಹಾಕಿ ಅನ್ನುತ್ತೇನೆ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಸ್ಥಿರವಾದ ಕರೆಂಟು ಇರುವ ಕುಶಾಲನಗರದ ನಮ್ಮ ಅಕ್ಕನ ಮನೆಗೆ ಉಬುಂಟುವನ್ನೇ ಹಾಕಿಕೊಟ್ಟಿದ್ದೇನೆ, ಚೆನ್ನಾಗಿ ನಡೆಯುತ್ತಿದೆ. ನಮ್ಮ ಮನೆಯಲ್ಲಿ ನಾನಿಲ್ಲದಾಗ ಇರುವುದು ಮಾವ ಒಬ್ಬರೇ. ಅದಕ್ಕೆ ಎಫ್‌ಎಸ್‌ಸಿಕೆ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದು, ಯಾವ ಕೀ ಎಲ್ಲಿದೆ ಅಂತ ಕೆಳಗೆ ಗುರುತು ಮಾಡಿ, ಮಾನಿಟರ್ ಪಕ್ಕ ಅಂಟಿಸಿದೆ. ಆಗಸ್ಟ್ ಕೊನೆಯಲ್ಲಿ ನಾನು ಮೈಸೂರಿಗೆ ಹೋಗಿದ್ದಾಗ ಎರಡು ದಿನ ಕರೆಂಟು ಇರಲಿಲ್ಲ. ಮೂರನೇ ದಿನ ಸಂಜೆ ಫೋನ್ ಬಂತು. "ಕಪ್ಪು ಪರದೆ ಬಂತಮ್ಮಾ, ಚೀಟಿ ನೋಡಿ ಒತ್ತಿದೆ, ಎದ್ದಿತು. ಎರಡು ದಿನದ್ದು ಬರೆದಿಟ್ಟುಕೊಂಡಿದ್ದೆ, ಈಗ ಏರಿಸಿದೆ. ಮೊನ್ನೆ ಮೂರು ಇಂಚು ನಲವತ್ತು ಸೆಂಟು, ನಿನ್ನೆ ನಾಲ್ಕು ಇಂಚು ಹತ್ತು."